ಹೊಸ ಗಡಿಯಾರ ಹುಡುಕಬೇಡ

ಕಲ್ಪನಾ,

ಗೋಡೆಯ ಮೇಲಿನ ಹೊಸ ಗಡಿಯಾರ ಹುಡುಕಬೇಡ. ಹೊನ್ನಾಳಿಯ ಕಂಪ್ಯೂಟರ್ ಅಂಗಡಿಗೆ ನಾನೇ ವಾಪಸ್ಸು ಒಯ್ದಿದ್ದೇನೆ. ಕಂಪ್ಯೂಟರ್ ಕೊಂಡರೆ ಪ್ರಿಂಟರ್ ಉಚಿತ ಎಂದು ಕರಪತ್ರ ಹಂಚಿದವರು, "ಪ್ರಿಂಟರ್ ಖಾಲಿ ಆಗ್ಯಾವೆ, ಇದನ್ನ ಇಟ್ಕಳ್ರಮ್ಮ" ಎಂದು ಗಡಿಯಾರ ಕೊಟ್ಟು ಕಳಿಸಿದರು. ಅದು ನಮ್ಮ ಗೋಡೆಯ ಮೇಲಿರುವಷ್ಟು ದಿನ ನಾವು ಒಪ್ಪಿಕೊಂಡ ಹಾಗೆ. ಊರಿನವರಿಗೆ ಅರ್ಜಿ ಟೈಪ್ ಮಾಡಿಕೊಡುವ ಕೆಲಸ ನೀನು ಶುರು ಮಾಡಿದ್ದೇ ಆ ಪ್ರಿಂಟರ್ ನಂಬಿ.

ಬಿಲ್ಲು, ಕರಪತ್ರ ಎರಡೂ ನನ್ನ ಚೀಲದಲ್ಲಿವೆ. "ಕರಪತ್ರ ಬಿಸಾಡಬ್ಯಾಡ್ರಿ ಅಜ್ಜಿ, ಬೇಕಾಗ್ತೈತೆ" ಎಂದು ಅವತ್ತು ಮೆಲ್ಲಗೆ ಹೇಳಿದವಳು ಅಂಗಡಿಯ ಹುಡುಗಿಯೇ. ಅಲ್ಲಿಂದ ಫೋನ್ ಬಂದರೆ ಅವಳ ಸುದ್ದಿ ಎತ್ತಬೇಡ. ಪಾಪ, ಅವಳ ಕೆಲಸ ಹೋದೀತು.

ಸೊಪ್ಪಿನ ಸಾರು ಮಾಡಿಟ್ಟಿದ್ದೇನೆ, ಮುದ್ದೆ ನೀನು ತಿರುವಿಕೋ. ನಿನ್ನ ಗಂಡ "ಪರಿಚಯದೋರ ಅಂಗಡಿ, ಅವ್ವ ಹೋಗಬಾರದಿತ್ತು" ಅಂದರೆ ಊಟ ಬಡಿಸಿ ಸುಮ್ಮನಿರು.

ಅಂಗಡಿಯವರು ಪ್ರಿಂಟರ್ ಕೊಡದಿದ್ದರೆ ಅಲ್ಲಿಂದಲೇ ದಾವಣಗೆರೆ ಬಸ್ಸು ಹತ್ತಿ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಸಂಜೆ ಪ್ರಿಂಟರ್ ತರುತ್ತೇನೆ, ಇಲ್ಲವೇ ದೂರಿನ ಪ್ರತಿ ತರುತ್ತೇನೆ. ಗಡಿಯಾರವಂತೂ ತರುವುದಿಲ್ಲ. ಹಳೆಯದಕ್ಕೇ ಹೊಸ ಸೆಲ್ಲು ಹಾಕಿ ಅದೇ ಮೊಳೆಗೆ ತಗುಲಿಹಾಕು.

ನಿನ್ನ ಅತ್ತೆ