ದೀಪ ಹಿಡಿದ ಹುಡುಗಿ

ಜೂನ್ ೧೪, ಭಾನುವಾರ

ನನ್ನ ಗುಬ್ಬಿಗೆ, ಅಮ್ಮನ ಪ್ರೀತಿಯ ನೆನಪುಗಳು.

ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ ಮಾರಾಯ್ತಿ. ಮಂಡಿನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಇಷ್ಟು ದಿನ ನಿಮ್ಮಪ್ಪನ ಪ್ರತಿಮೆಯ ಸಮಿತಿಯವರ ಜೊತೆ ಜಗಳವಾಡುವುದೇ ನನಗೊಂದು ಕೆಲಸವಾಗಿತ್ತು.

ಗಾಳಿಗೆ ಆರದ ದೀಪ ಕಂಡುಹಿಡಿದವರು ಅಂತ ಊರಿಗೆಲ್ಲ ಈಗ ಅವರ ಮೇಲೆ ಪ್ರೀತಿ ಉಕ್ಕಿದೆ. ಬದುಕಿದ್ದಾಗ ಸೀಮೆಎಣ್ಣೆ ವಾಸನೆ ಅಂತ ನಮ್ಮ ಬಾಗಿಲ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರೇ! ಪ್ರತಿಮೆಯಲ್ಲಿ ನಿಮ್ಮಪ್ಪ ಮೇಜಿನ ಮುಂದೆ ಕೂತಿರಬೇಕು, ಪಕ್ಕದಲ್ಲಿ ಪುಟ್ಟ ಹುಡುಗಿಯಾಗಿ ನೀನು ದೀಪ ಎತ್ತಿ ಹಿಡಿದಿರಬೇಕು ಅಂತ ತೀರ್ಮಾನವಾಗಿತ್ತು. "ನನ್ನನ್ನು ಮಾಡಿಸುವುದಾದರೆ ಇರುವ ಹಾಗೇ ಮಾಡಿಸು, ಇಲ್ಲದಿದ್ದರೆ ತೆಗೆಸಿಹಾಕು" ಎಂದು ನೀನು ಬರೆದೆಯಲ್ಲ, ಆ ಕಾಗದ ಬಂದ ದಿನವೇ ಶಿಲ್ಪಿಯ ಶೆಡ್ಡಿಗೆ ಹೋದೆ.

ಮಣ್ಣಿನ ಮಾದರಿ ಮುಗಿದಿತ್ತು. ಹುಡುಗಿಗೆ ಎರಡೂ ಕಣ್ಣು ಚೆನ್ನಾಗಿದ್ದವು. "ಫೋಟೋದಲ್ಲಿ ಬಲಗಣ್ಣು ನೋಡ್ಕೊಂಡು ಎಡಗಣ್ಣು ಮಾಡ್ದೆ, ಅಮ್ಮಾ" ಎಂದ ಶಿಲ್ಪಿ.

"ಅಲ್ಲಪ್ಪಾ, ದೀಪದ ಗಾಜು ಸಿಡಿದೇ ಅವಳ ಕಣ್ಣು ಹೋಗಿದ್ದು. ಕಟ್ಟು ಬಿಚ್ಚಿದ ಮೇಲೂ ಅವಳೇ ಬಂದು ದೀಪ ಹಿಡಿದ್ಲು. ಇಲ್ಲಾಂದ್ರೆ ನಮ್ಮ ಯಜಮಾನ್ರು ಕೆಲಸಾನೇ ಬಿಟ್ಬಿಡ್ತಿದ್ರು" ಎಂದೆ.

ಸಮಿತಿಯ ಅಧ್ಯಕ್ಷರು ಅಲ್ಲೇ ಇದ್ದರು. "ಮಕ್ಕಳು ಮರಿ ಓಡಾಡೋ ಜಾಗ, ಅಮ್ಮಾ. ಒಂದು ಕಣ್ಣಿನ ಹುಡುಗೀನ ನಿಲ್ಲಿಸಿದ್ರೆ ಜನ ದೀಪ ನೋಡ್ತಾರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನನ್ನ ಮಗಳೇ ಬೇಡ, ತೆಗೀರಿ!" ಎಂದುಬಿಟ್ಟೆ. ಅವರಿಗೂ ಅದೇ ಬೇಕಿತ್ತೋ ಏನೋ, ಕೂಡಲೇ ಒಪ್ಪಿದರು.

ಈಗ ನಿಮ್ಮಪ್ಪ ಒಬ್ಬರೇ ಕೂತಿದ್ದಾರೆ. ದೀಪವನ್ನು ಮೇಜಿನ ಮೇಲೆ ಇಟ್ಟಿದ್ದಾರೆ. ಮೊನ್ನೆ ಅನಾವರಣವಾಯಿತು, ಉದ್ದುದ್ದ ಭಾಷಣಗಳಲ್ಲಿ ನಿನ್ನ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಆದರೂ ನಿನ್ನ ಮಾತು ನಡೆಸಿಕೊಟ್ಟಿದ್ದೇನೆ.

ಚಳಿಗೆ ಆ ಕಣ್ಣಿನಿಂದ ನೀರು ಸೋರುತ್ತದೆ, ಬಟ್ಟೆ ಬೆಚ್ಚಗೆ ಮಾಡಿ ಒತ್ತಿಕೋ. ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ ಅಮ್ಮ

ಇನ್ನೊಂದು ಮಾತು: ಶಿಲ್ಪಿ ಮಣ್ಣು ಕೊಯ್ಯುವ ತಂತಿ ಹಿಡಿದು ಬಂದಾಗ "ಸ್ವಲ್ಪ ತಡಿಯಪ್ಪಾ" ಎಂದು ಸ್ಟೂಲು ಎಳೆದುಕೊಂಡು ಕೂತೆ. ನಮ್ಮಲ್ಲಿರುವ ಫೋಟೋಗಳೆಲ್ಲ ಕಣ್ಣು ಹೋದ ಮೇಲಿನವೇ ಅಲ್ಲವೇ? ಎರಡು ಕಣ್ಣಿನ ನಿನ್ನ ಮುಖ ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು, ಗುಬ್ಬಿ. ಮಣ್ಣು ಒಣಗುತ್ತೆ ಎಂದು ಅವನು ಹೇಳುವವರೆಗೂ ನೋಡುತ್ತಲೇ ಇದ್ದೆ. ಹೀಗೇ ಇರಲಿ ಬಿಡು ಎನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡು, "ಆಯ್ತು, ಕೊಯ್ಯಿ" ಎಂದೆ.