ಕೆಂಪು ಬೆಳಕಿನ ವೈರು

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನ ಅಕ್ಕರೆಯ ನೆನಪುಗಳು.

ನೀನು ಕಳಿಸಿದ ಟಿವಿಯ ಉದ್ದ ಸ್ಪೀಕರ್, ಆ ಸೌಂಡ್‌ಬಾರ್, ಬಂದಿದೆ. ಪೆಟ್ಟಿಗೆ ಬಿಚ್ಚಿಲ್ಲ, ಬೈಯಬೇಡ. ಟಿವಿ ಹಿಂದಿನ ಹಳೇ ವೈರೆಲ್ಲ ಕಿತ್ತುಹಾಕು ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಪ್ಪ ಸಿಕ್ಕಿಸಿದ್ದನ್ನು ಕೀಳಲು ನನಗೆ ಕೈ ಬರಲಿಲ್ಲ. ಅವರು ಹೋದ ಮೇಲೂ ಆ ಮೂಲೆ ಮಾತ್ರ ಅವರು ಬಿಟ್ಟ ಹಾಗೇ ಇದೆ.

ಮೊನ್ನೆ ಚಿಕ್ಕಮ್ಮ ಬಂದಿದ್ದಳು. ಊಟ ಮುಗಿಸಿ ಇಬ್ಬರೂ ಸೋಫಾದ ಮೇಲೆ ಕೂತೆವು. ನಾನು ಎಂದಿನಂತೆ ಹೆಡ್‌ಫೋನ್ ಹಾಕಿಕೊಂಡು ಆ ಹಾಸ್ಯದ ಧಾರಾವಾಹಿ ನೋಡುತ್ತಿದ್ದೆ. ಅವಳು ನನ್ನ ಭುಜ ತಿವಿದು, ಹೆಡ್‌ಫೋನ್ ಎತ್ತಿ, "ಏನೇ ಅಕ್ಕ, ನೀನೊಬ್ಬಳೇ ಕಿಸಿಕಿಸಿ ಅಂತೀಯ, ನಂಗೇನು ಬರೀ ಬೊಂಬೆ ಆಟಾನಾ?" ಎಂದಳು.

ಟಿವಿಯಲ್ಲೂ ಸದ್ದು ಬರ್ತಿದೆಯಲ್ಲೇ ಎಂದೆ.

"ಕಿವಿ ಹೋಗಿರೋದು ನಿಂದು ಕಣೆ, ನಂದಲ್ಲ!"

ನಿನಗೆ ಗೊತ್ತಲ್ಲ, ಮಿಲ್ಲಿನಲ್ಲಿ ಮಗ್ಗಗಳ ಮುಂದೆ ನಿಂತೂ ನಿಂತೂ ನನ್ನ ಕಿವಿ ಮಂದವಾಯಿತು. ನನಗೆ ಕೇಳುವಷ್ಟು ಜೋರಾಗಿ ಟಿವಿ ಹಾಕಿದರೆ ಮೇಲಿನ ಮನೆಯವರು ನೆಲ ಕುಟ್ಟುತ್ತಿದ್ದರು. ಅದಕ್ಕೇ ಅಪ್ಪ ಈ ಹೆಡ್‌ಫೋನ್ ತಂದು ಜೋಡಿಸಿದ್ದು. "ನಿಂಗೆ ಜೋರಾಗಿ, ನಂಗೆ ಮೆಲ್ಲಗೆ" ಎಂದಿದ್ದರು. ನಂಬಿದ್ದೆ.

ಚಿಕ್ಕಮ್ಮ ಟಿವಿ ಹಿಂದೆ ತಲೆ ತೂರಿಸಿದಳು. ಸೆಟ್‌ಟಾಪ್ ಬಾಕ್ಸಿನಿಂದ ಬರುವ ಚಪ್ಪಟೆ ಮೂತಿಯ ಎಚ್‌ಡಿಎಂಐ ಕೇಬಲ್ಲು ಚಿತ್ರ, ಧ್ವನಿ ಎರಡನ್ನೂ ಟಿವಿಗೆ ತರುತ್ತದಂತೆ. ಟಿವಿಯಿಂದ, ನನ್ನ ವೈರಿಲ್ಲದ ಹೆಡ್‌ಫೋನ್ ಇಡುವ ಸ್ಟ್ಯಾಂಡಿಗೆ ಹೋಗುವ ತೆಳು ವೈರು ಬೇರೆ. ಸ್ಟ್ಯಾಂಡಿನಿಂದ ಅದನ್ನು ಎಳೆದರೆ ತುದಿಯಲ್ಲಿ ಪುಟ್ಟ ಕೆಂಪು ಬೆಳಕು! ಧ್ವನಿ ಬೆಳಕಾಗಿ ಹರಿಯುತ್ತದಂತೆ, ಆಪ್ಟಿಕಲ್ ಎನ್ನುತ್ತಾರಂತೆ. ಆಮೇಲೆ ರಿಮೋಟ್ ಒತ್ತಿ ಸೆಟ್ಟಿಂಗ್ ತೆರೆದಳು. ನಮ್ಮ ಟಿವಿಯಲ್ಲಿ ಧ್ವನಿಗೆ ಎರಡೇ ದಾರಿ: ಅದರದೇ ಸ್ಪೀಕರ್, ಇಲ್ಲವೇ ಆ ಕೆಂಪು ಬೆಳಕಿನ ವೈರು. ಎರಡೂ ಒಟ್ಟಿಗೆ ಆಗುವುದಿಲ್ಲ. ಅಪ್ಪ ವೈರಿಗೆ ಇಟ್ಟಿದ್ದರು. ನೀನು ಬಂದಾಗ ಸ್ಪೀಕರಿಗೆ ಬದಲಿಸುತ್ತಿದ್ದರೇನೋ. ನಾನಾಗ ಅಡುಗೆಮನೆಯಲ್ಲೇ ಇರುತ್ತಿದ್ದೆ.

ಅಂದರೆ ಪುಟ್ಟಿ, ಇಷ್ಟು ವರ್ಷ ಅವರು ನನ್ನ ಪಕ್ಕ ಕೂತು ಸದ್ದಿಲ್ಲದ ಟಿವಿ ನೋಡಿದರು. ಯಾವಾಗಲೂ ನಾನು ನಕ್ಕ ಮೇಲೆ ನಗುತ್ತಿದ್ದರು. "ಊರೆಲ್ಲ ನಕ್ಕು ಮಲಗಿದ ಮೇಲೆ ನಿಮಗೆ ನಗು ಬರೋದು" ಎಂದು ಎಷ್ಟು ರೇಗಿಸಿದ್ದೇನೆ! ಅದಕ್ಕೂ ನಗುತ್ತಿದ್ದರು.

ಆ ವೈರಿನ ಧ್ವನಿಯನ್ನು ಎರಡು ಕಡೆ ಹಂಚುವ ಸಣ್ಣ ಡಬ್ಬಿ ಅಂಗಡಿಯಲ್ಲಿ ಸಿಗುತ್ತದಂತೆ. ಬರುವಾಗ ತಗೊಂಡು ಬಾ. ಅಪ್ಪನ ವೈರು ಇರಲಿ, ನಿನ್ನ ಸೌಂಡ್‌ಬಾರೂ ಇರಲಿ. ಇನ್ನು ನನ್ನ ಪಕ್ಕ ಕೂತವರು ಯಾರೂ ಮೂಕ ಟಿವಿ ನೋಡಬಾರದು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಬರೆಯದೆ ಬಿಟ್ಟದ್ದು: ಚಿಕ್ಕಮ್ಮ ಹೊರಟ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಅಪ್ಪನ ಜಾಗದಲ್ಲಿ ಕೂತು ಅದೇ ಧಾರಾವಾಹಿ ನೋಡಿದೆ. ಎಲ್ಲರೂ ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಎಲ್ಲಿ ನಗಬೇಕೋ ತಿಳಿಯದೆ, ನಾನು ಕೂರುವ ಜಾಗದ ಕಡೆ ತಿರುಗಿ ನೋಡಿದೆ.