ಒಂಬತ್ತು ಪೆಟ್ಟು ಬಾಕಿ

ಡೆವನ್, ಇಂಗ್ಲೆಂಡ್, ಅಕ್ಟೋಬರ್ ೧೫೫೦

ಅಧಿಕಾರಿ ಪೆನ್‌ರಿಡ್ಜ್ ಅವರಿಗೆ,

ದೊರೆಗೆ ಹದಿಮೂರು ವರ್ಷ ತುಂಬಿದ ದಿನ ನಮ್ಮೂರ ಚರ್ಚಿನಲ್ಲಿ ಗಂಟೆ ಏಕೆ ಬಾರಿಸಲಿಲ್ಲ ಎಂದು ಕೇಳಿದ್ದೀರಿ. ಚರ್ಚಿನ ಉಸ್ತುವಾರಿ ಈಗ ನನ್ನದು, ಹಾಗಾಗಿ ಉತ್ತರವೂ ನನ್ನದೇ.

ಹೋದ ವರ್ಷ ದೊರೆಯ ಹೆಸರಿನಲ್ಲಿ ಹೇರಿದ ಹೊಸ ಪ್ರಾರ್ಥನೆ ಪುಸ್ತಕ ಬೇಡವೆಂದು ಊರು ದಂಗೆ ಎದ್ದಾಗ, ಗಂಟೆ ಬಾರಿಸಿ ಜನರನ್ನು ಸೇರಿಸಿದವನು ನನ್ನ ಗಂಡ. ನೀವು ಅವನನ್ನು ಅದೇ ಗಂಟೆ ಗೋಪುರಕ್ಕೆ ನೇಣು ಹಾಕಿಸಿದಿರಿ. ನಾಲ್ಕೂ ಗಂಟೆಗಳ ನಾಲಿಗೆ ಕಳಚಿಸಿ ಗಾಡಿಗೆ ತುಂಬಿಕೊಂಡು ಹೋದಿರಿ. ನಾಲಿಗೆಯಿಲ್ಲದ ಗಂಟೆಯನ್ನು ಬಾರಿಸುವುದು ಹೇಗೆಂದು ನೀವೇ ಬಂದು ತೋರಿಸಿಕೊಡಿ.

"ಆ ಮಗು ದೊರೆಗೆ ಇದೆಲ್ಲ ಗೊತ್ತಾ ಸ್ವಾಮಿ?" ಎಂದು ಅಂದು ಕೇಳಿದ್ದೆ.

"ಅವನಿಗೇನಮ್ಮ ಗೊತ್ತು! ನಾವು ತೋರಿಸಿದ ಕಡೆ ರುಜು ಹಾಕ್ತಾನೆ" ಎಂದು ನಕ್ಕಿರಿ. ದೊರೆಯ ಬಗ್ಗೆ ನೀವಾಡಿದ ಆ ಮಾತನ್ನು ಇಡೀ ಊರು ಕೇಳಿಸಿಕೊಂಡಿದೆ. ಹುಡುಗ ದೊಡ್ಡವನಾಗಲಿ, ನಾನೇ ಹೋಗಿ ಹೇಳುತ್ತೇನೆ.

ಸದ್ಯಕ್ಕೆ ನಾಲಿಗೆಗಳನ್ನು ವಾಪಸು ಕಳಿಸಿ. ಬಂದ ದಿನವೇ ಬಾರಿಸುತ್ತೇವೆ. ಆದರೆ ಗಂಡಸು ಸತ್ತರೆ ಒಂಬತ್ತು ಪೆಟ್ಟು ಹೊಡೆಯುವುದು ಇಲ್ಲಿನ ರೂಢಿ. ನನ್ನ ಗಂಡನಿಗೆ ಅದೂ ಸಿಗಲಿಲ್ಲ. ಮೊದಲು ಅವನ ಒಂಬತ್ತು ಮುಗಿಯುತ್ತದೆ.

ಅಲ್ಲಿಯವರೆಗೆ ನಿಮ್ಮ ದೊರೆ ಕಾಯಲಿ.

ಇಂತಿ,
ಗಂಟೆ ಬಾರಿಸಿದವನ ಹೆಂಡತಿ
ತೊಮಸೀನ್ ಹಾಲ್‌ಕಂಬ್